ಕಡಿಮೆ ಪ್ರಶ್ನೆಯ ಫಾರಂ

ನಾನು ವಿಮೆ ಏಜೆಂಟಾದ ಮೇಲೆ ಮೊದಲ ಪಾಲಿಸಿ ಮಾಡಿಸಿದ್ದು ನನ್ನ ತಮ್ಮನಿಗೆ. ಮಾಡಿಸಿದ್ದು ತಪ್ಪು ಪಾಲಿಸಿ. ತಪ್ಪೆಂದು ಆವತ್ತೇ ಅನ್ನಿಸಿತ್ತು, ಆದರೂ ಸಹಿ ಹಾಕಿಸಿಕೊಂಡೆ.

ಅದಕ್ಕೂ ಮುಂಚೆ ಹನ್ನೊಂದು ವರ್ಷ ನಾನು ರಾಯದುರ್ಗದ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಜಿಪ್ ಕೂರಿಸುವ ಕೆಲಸ ಮಾಡಿದವಳು. ಹುಟ್ಟಿದ್ದು ಮಡಕಶಿರಾ ಹತ್ತಿರ, ರೊಳ್ಳದ ಕಡೆಯ ಹಳ್ಳಿಯಲ್ಲಿ, ಕೊಟ್ಟದ್ದು ರಾಯದುರ್ಗಕ್ಕೆ. ಬೆನ್ನುನೋವು ಹೆಚ್ಚಾಗಿ ಮೆಷಿನ್ ಮುಂದೆ ಕೂರಲಾಗದೆ ಹೋದಾಗ ನಮ್ಮ ಓಣಿಯ ಹಿರಿಯ ಏಜೆಂಟೊಬ್ಬರು ಪರೀಕ್ಷೆ ಕಟ್ಟಿಸಿ ನನ್ನನ್ನೂ ತಮ್ಮ ಕೆಲಸಕ್ಕೆ ಹಚ್ಚಿದರು. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಸಣ್ಣ ಕೋಣೆ. ಅಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು.

“ಕಂಪನಿ ಪುಸ್ತಕದಾಗ ಹತ್ತು ಹೆಸರು ಇರ್ತಾವ್ರಿ, ಅವನ್ನ ಬಿಡ್ರಿ. ಮನಷಾಗ ಇರೋ ಅಂಜಿಕಿ ನಾಕೇ. ನಾ ಸತ್ತರ ಮನಿ ಗತಿ ಏನು ಅಂತ ಅಂಜಿದರ ಅದು ಜೀವ ವಿಮೆ. ಜಡ್ಡಾಗಿ ಸತ್ತರೂ ಅಷ್ಟ, ಬಿದ್ದು ಸತ್ತರೂ ಅಷ್ಟ, ರೊಕ್ಕ ಬರ್ತೈತಿ. ದವಾಖಾನಿ ಸೇರಿದರ ಹೆಂಗ ಅಂತ ಅಂಜಿದರ ಆರೋಗ್ಯ ವಿಮೆ. ರೋಡಿನಾಗ ಬಿದ್ದು, ಗುದ್ದಿಸಿಕೊಂಡು ಏನರ ಆದೀತು ಅಂದರ ಅಪಘಾತ ವಿಮೆ. ಜೀವ ಉಳದು ದುಡಿಯೋ ಕೈ ನಿಂತರ, ಅದಕ್ಕೊಂದು ಬ್ಯಾರೆ ಐತಿ.”

“ಯಾವುದೋ ಒಂದು ಮಾಡಿಸಿದರೆ ಎಲ್ಲದಕ್ಕೂ ಆಗೋದಿಲ್ಲವಾ?” ಎಂದು ಕೇಳಿದ್ದೆ.

“ಜನ ಹಂಗ ತಿಳಕೊಂಡಿರ್ತಾರ್ರಿ. ಮನಿ ಮುರಿಯೋದು ಅಲ್ಲೇ ನೋಡ್ರಿ” ಎಂದು ಅವರು ಫ್ಯಾನಿನ ಕಡೆ ಮುಖ ತಿರುಗಿಸಿಕೊಂಡರು.

ಆ ನಾಲ್ಕು ಅಂಜಿಕೆಗಳನ್ನು ಬಾಯಿಪಾಠ ಮಾಡಿಕೊಂಡು, ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ, ತವರಿಗೆ ಹೋದೆ. ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆಯ ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಶೆಡ್ಡು, ಹೆಂಡತಿ, ಒಬ್ಬಳೇ ಮಗಳು. ನಾನು ಹೋದಾಗ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದ. ಮನೆಗೆ ಇಪ್ಪತ್ತು ಹೆಜ್ಜೆ ಇರುವಾಗ ನಿಂತ. ಹೊರೆಯನ್ನು ಮೋಟುಗೋಡೆಯ ಮೇಲೆ ಇಳಿಸಿ ಎಡತೋಳನ್ನು ಉಜ್ಜಿಕೊಂಡ. ಗಾಳಿ ತಣ್ಣಗೆ ಬೀಸುತ್ತಿತ್ತು, ಅವನ ಅಂಗಿ ಬೆನ್ನಿಗೆ ಅಂಟಿತ್ತು. ಜೇಬಿನಿಂದ ಗುಳಿಗೆಯ ಹಾಳೆ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡ.

“ಏನೋ ಅದು?”

“ಗ್ಯಾಸು ಅಕ್ಕಯ್ಯ. ಬೆಳಗ್ಗೆ ಬಜ್ಜಿ ತಿಂದಿದ್ದೆ.”

ಜಗಲಿಯ ಮೇಲೆ ಕೂತು ನಾಲ್ಕು ಥರದ್ದನ್ನೂ ವಿವರಿಸಿದೆ. ಅವನ ಹೆಂಡತಿ ಬಾಗಿಲಿಗೆ ಒರಗಿ ಕೇಳಿದಳು. ಪಕ್ಕದ ತೋಟದವನು, ತಮ್ಮನ ಜೊತೆಗೇ ಓದಿದವನು, ಬೀಡಿ ಸೇದುತ್ತಾ ಮೆಟ್ಟಿಲ ಮೇಲೆ ಕೂತಿದ್ದ. ಜೀವ ವಿಮೆಯ ಫಾರಂ ಕೈಗೆ ಕೊಟ್ಟೆ. ತಮ್ಮ ಒಂದೊಂದೇ ಪ್ರಶ್ನೆಯ ಮೇಲೆ ಬೆರಳಿಟ್ಟು ಓದಿದ. ಎದೆನೋವು ಬಂದಿದೆಯೇ. ಯಾವುದಾದರೂ ಪರೀಕ್ಷೆ ಮಾಡಿಸಿದ್ದೀರಾ. ತಂದೆ ಯಾವ ವಯಸ್ಸಿನಲ್ಲಿ, ಯಾವ ಕಾರಣದಿಂದ ತೀರಿಕೊಂಡರು. ಅಲ್ಲಿ ಬೆರಳು ನಿಂತಿತು. ನಮ್ಮಪ್ಪ ನಲವತ್ತೆರಡಕ್ಕೆ ಕಡಲೆಕಾಯಿ ಹೊಲದ ಬದುವಿನ ಮೇಲೆ ಕೂತವನು ಕೂತಂತೆಯೇ ಹೋಗಿದ್ದ. ಫಾರಂ ಹಿಡಿದು ಕೂತ ತಮ್ಮನಿಗೆ ನಲವತ್ತು.

“ಇದು ಬ್ಯಾಡ” ಎಂದ. ಆರೋಗ್ಯ ವಿಮೆಯ ಫಾರಂ ಇನ್ನೂ ಉದ್ದ, ಅದನ್ನು ಬಿಚ್ಚಿ ಹಾಗೇ ಮಡಿಸಿಟ್ಟ. ಅಪಘಾತದ್ದು ಒಂದೇ ಹಾಳೆ. ಹೆಸರು, ವಯಸ್ಸು, ಕಸುಬು, ನಾಮಿನಿ ಯಾರು.

“ಇದನ್ನೇ ಬರಿ.”

“ಇದು ಬಿದ್ದರೆ, ಗುದ್ದಿದರೆ ಮಾತ್ರ ಕಣೋ. ಸುಮ್ಮನೆ ಕೂತಾಗ ಏನಾದರೂ ಆದರೆ ಒಂದು ಪೈಸೆ ಬರೋದಿಲ್ಲ.”

“ನಂಗೇನಾಗೈತೆ? ಎತ್ತಿನಂಗಿವ್ನಿ. ದಿನಾ ರೋಡಲ್ಲಿ ಓಡಾಡೋನಿಗೆ ರೋಡಿಂದೇ ಭಯ.”

ಅವನು ನಗುತ್ತಲೇ ಹೇಳಿದ. ನಾನು ಅವನ ಬೆವರನ್ನು ನೋಡಿದ್ದೆ, ಗುಳಿಗೆಯನ್ನೂ ನೋಡಿದ್ದೆ. ನಡೆ, ಹಿಂದೂಪುರದಲ್ಲಿ ತೋರಿಸಿಕೊಂಡು ಬರೋಣ ಎನ್ನಬೇಕಿತ್ತು. ಮೊದಲ ಪಾಲಿಸಿ ಎಂಬ ಆಸೆಯೋ, ಕೇಳಿದರೆ ಹೌದು ಎಂದುಬಿಟ್ಟಾನೆಂಬ ಹೆದರಿಕೆಯೋ, ಪೆನ್ನು ಕೊಟ್ಟೆ. ಅವನು ಸಹಿ ಹಾಕಿದ.

ಎಂಟು ತಿಂಗಳು ಕಳೆಯಿತು. ಒಂದು ಬೆಳಗ್ಗೆ ನಮ್ಮ ಹಳೆಯ ಘಟಕದ ಗೇಟಿನ ಹತ್ತಿರ, ಟೀ ಬಿಡುವಿಗೆ ಬಂದ ಹೆಂಗಸರಿಗೆ ಅದೇ ನಾಲ್ಕು ಅಂಜಿಕೆ ಹೇಳುತ್ತಿದ್ದೆ. ಫೋನ್ ಬಂತು. ಪಕ್ಕದ ತೋಟದವನು. “ಅಕ್ಕ, ಬೈಕಿಂದ ಬಿದ್ದವ್ನೆ, ಬೇಗ ಬಾ” ಎಂದ. ಆಮೇಲೆ ತಡೆದು, ಯಾರಿಗೋ ಕೇಳಿಸಲಿ ಎನ್ನುವಂತೆ ಮತ್ತೊಮ್ಮೆ ಹೇಳಿದ. “ಬೈಕಿಂದ ಬಿದ್ದೇ ಹಿಂಗಾಗಿರೋದು.”

ಆ ಎರಡನೆಯ ಮಾತು ದಾರಿಯುದ್ದಕ್ಕೂ ಕಿವಿಯಲ್ಲಿ ಕೂತಿತ್ತು.

ಮಡಕಶಿರಾ ಮುಟ್ಟುವಷ್ಟರಲ್ಲಿ ದೇಹ ಸರ್ಕಾರಿ ಆಸ್ಪತ್ರೆಯಲ್ಲಿತ್ತು. ಹುಳುಗಳು ಗೂಡು ಕಟ್ಟುವ ಹೊತ್ತು ಹತ್ತಿರ ಬಂದದ್ದರಿಂದ, ಅವನ್ನು ಗೂಡಿಗೆ ಬಿಡುವ ಚಂದ್ರಿಕೆ ತಟ್ಟೆಗಳನ್ನು ಬಾಡಿಗೆಗೆ ಕೇಳಿಬರಲು ತಮ್ಮ ಹೊರಟಿದ್ದನಂತೆ. ಹಣೆಯ ಮೇಲೆ ಗಾಯವಿಲ್ಲ. ಮೊಣಕೈ ತರಚಿಲ್ಲ. ಪೊಲೀಸ್ ಠಾಣೆಯ ಅಂಗಳದಲ್ಲಿ ಬೈಕು ನಿಂತಿತ್ತು. ಸುತ್ತ ಒಂದು ಸುತ್ತು ಬಂದೆ. ಒಂದು ಬದಿಯ ಹಿಡಿಕೆಗೆ ಒಂದಿಷ್ಟು ಧೂಳು ಮೆತ್ತಿತ್ತು, ಅಷ್ಟೇ. ಕನ್ನಡಿ ಕೂಡ ಬಿರುಕು ಬಿಟ್ಟಿರಲಿಲ್ಲ.

ಪಕ್ಕದ ತೋಟದವನನ್ನು ಬೇವಿನಮರದ ಮರೆಗೆ ಕರೆದೆ. ಕೇಳುವ ಮೊದಲೇ ಅವನು ಹೇಳಿದ.

“ನಾನ್ ನೋಡ್ದಾಗ ಬೈಕು ಸ್ಟ್ಯಾಂಡ್ ಹಾಕಿತ್ತು ಅಕ್ಕ. ಇವ್ನು ಹುಣಸೇಮರಕ್ಕೆ ಒರಗ್ಕೊಂಡು ಕೂತಿದ್ದ. ಉಸ್ರು ಇರ್ಲಿಲ್ಲ. ಎಳ್ದು ರೋಡಿನ ಪಕ್ಕ ಮಲಗ್ಸಿದೆ. ಬೈಕನ್ನೂ ಮಲಗ್ಸಿದೆ.”

“ಯಾಕೆ ಹಂಗೆ ಮಾಡಿದೆ?”

“ಜಗಲಿ ಮ್ಯಾಲೆ ನೀನೇ ಹೇಳ್ದಲ್ಲ, ಬಿದ್ರೆ ಮಾತ್ರ ಬತ್ತೈತೆ ಅಂತ.”

ಗೆಳೆಯನ ಬಿಸಿ ಆರದ ದೇಹವನ್ನು ಎಳೆಯುವಾಗ ಅವನಿಗೆ ನನ್ನ ಪಾಠ ನೆನಪಿತ್ತು.

ಮನೆಯಲ್ಲಿ ಅಳು ನಡೆದಿದ್ದರೂ ಶೆಡ್ಡಿನೊಳಗೆ ಹುಳುಗಳು ಕಾಯುವಂತಿರಲಿಲ್ಲ. ಮಣ್ಣು ಮಾಡಿದ ಮರುದಿನ ಬೆಳಗ್ಗೆ ನಾನೇ ಸೊಪ್ಪು ಹಾಕಲು ಹೋದೆ. ಸಾವಿರಾರು ಬಾಯಿಗಳು ಎಲೆ ಕಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು, ಏನೂ ಆಗೇ ಇಲ್ಲವೆಂಬಂತೆ. ಒಂದು ತಟ್ಟೆಯ ತಳಕ್ಕೆ ಹಾಸಿದ್ದ ಹಳೆಯ ಪೇಪರು ಬದಲಿಸುವಾಗ ಅದರಡಿ ಗುಲಾಬಿ ಬಣ್ಣದ, ಗೆರೆಗೆರೆಯ ಉದ್ದನೆಯ ಹಾಳೆ ಸಿಕ್ಕಿತು. ಇಸಿಜಿ. ಹಿಂದೂಪುರದ ಕ್ಲಿನಿಕ್ಕಿನದು. ಕೆಳಗೆ ಡಾಕ್ಟರು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗುವಂತೆ ಬರೆದಿದ್ದರು. ತಾರೀಖು ನೋಡಿದೆ. ನಾನು ಫಾರಂ ತಂದ ದಿನಕ್ಕಿಂತ ಒಂದು ತಿಂಗಳು ಮುಂಚಿನದು.

ಅವನು ಅಷ್ಟು ಹುಷಾರಾಗಿ ಬೆರಳಿಟ್ಟು ಓದಿದ್ದು ಯಾಕೆಂದು ಆಗ ತಿಳಿಯಿತು. ಹೌದು ಎಂದು ಬರೆದರೆ ಪಾಲಿಸಿ ಸಿಗದು. ಇಲ್ಲ ಎಂದು ಬರೆದರೆ ನನ್ನ ಕೈಯಲ್ಲಿ ಸುಳ್ಳು ಬರೆಸಿದಂತೆ. ಏನನ್ನೂ ಕೇಳದ ಫಾರಂ ಒಂದೇ ಇತ್ತು.

ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದೆ. ತಮ್ಮನ ಹೆಂಡತಿ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಗುಳಿಗೆಯ ವಿಷಯ ಗೊತ್ತಿತ್ತು, ಹಾಳೆಯದು ಗೊತ್ತಿರಲಿಲ್ಲ. ಅವಳು ತಾನಾಗಿ ಹೇಳಿದಳು, “ಫೋನ್ ಮಾಡಿದ್ರು ಅಕ್ಕಯ್ಯ. ಎದೆ ಹಿಡ್ದಂಗಾಗೈತೆ, ಮರದ ಕೆಳಗೆ ನಿಲ್ಸಿದೀನಿ, ಒಂದ್ ಗಳಿಗೆ ಕೂತು ಬತ್ತೀನಿ ಅಂದ್ರು.”

“ಇದನ್ನ ಯಾರಿಗೂ ಹೇಳಬೇಡ” ಎಂದೆ.

ಈ ಮಾತು ಬರೆಯುವುದಕ್ಕೆ ನನಗೆ ಇವತ್ತಿಗೂ ಕಷ್ಟ. ಕ್ಲೇಮ್ ಫಾರಂ ನಾನೇ ತುಂಬಿದೆ. ನಾಯಿ ಅಡ್ಡ ಬಂದು ಬೈಕು ಜಾರಿತೆಂದು ಬರೆದೆ. ಸಾಕ್ಷಿ ಪಕ್ಕದ ತೋಟದವನು. ತಮ್ಮನ ಮಗಳ ಮುಖ ನೋಡಿ ಬರೆದೆನೆಂದು ನನಗೆ ನಾನೇ ಹೇಳಿಕೊಂಡೆ.

ಕೆಲವು ದಿನಗಳ ನಂತರ ಅನಂತಪುರದಿಂದ ವಿಮೆ ಕಂಪನಿಯ ಕಡೆಯವರೊಬ್ಬರು ತನಿಖೆಗೆಂದು ಬಂದರು. ನಿವೃತ್ತಿಯ ಹತ್ತಿರದವರು, ಮೆತ್ತಗಿನ ಮಾತು. ಮರಣೋತ್ತರ ಪರೀಕ್ಷೆಯ ವರದಿ ಇನ್ನೂ ಕೈಸೇರಿಲ್ಲ ಎಂದರು. ಮಜ್ಜಿಗೆ ಕೊಟ್ಟೆವು, ಕುಡಿದರು. ಠಾಣೆಯಿಂದ ಬಿಡಿಸಿ ತಂದಿದ್ದ ಬೈಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಎದ್ದು ಬಂದು ತಮ್ಮನ ಹೆಂಡತಿಯನ್ನು ತೆಲುಗಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಆ ದಿನ ಆತ ನಿನಗೆ ಫೋನ್ ಮಾಡಿದ್ದನಾ ಅಮ್ಮಾ ಎಂದು.

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಪಕ್ಕದ ತೋಟದವನ ಬೀಡಿ ಬೆರಳಿನಲ್ಲೇ ಆರಿತ್ತು.

“ಮಾಡಿದ್ರು” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಎದೆ ಹಿಡಿದದ್ದು, ಮರ, ಒಂದು ಗಳಿಗೆ ಕೂತು ಬರುತ್ತೇನೆಂದದ್ದು.

ಅವರು ನನ್ನನ್ನು ಪಕ್ಕಕ್ಕೆ ಕರೆದರು. “ಈ ಕ್ಲೇಮ್ ಕಾಗದ ನೀವೇ ಹಿಂದಕ್ಕೆ ತಗೊಂಡರೆ ನಾನು ಬರೆಯೋದು ಒಂದು. ತಗೊಳ್ಳದಿದ್ದರೆ ಬರೆಯಬೇಕಾದ್ದು ಇನ್ನೊಂದು. ಬೈಕ್ ಮಲಗಿಸಿದೋನ ಹೆಸರೂ ಅದರಲ್ಲಿ ಬರುತ್ತೆ.” ನಾನು ಹಿಂದಕ್ಕೆ ತೆಗೆದುಕೊಂಡೆ. ಅವರ ಮುಂದೆಯೇ ಹರಿದೆ. ಆಮೇಲೆ ಬಂದ ವರದಿಯಲ್ಲಿ ಹೃದಯಾಘಾತವೆಂದೇ ಇತ್ತು.

ಅವರು ಹೋದ ಮೇಲೆ ಅವಳನ್ನು ಕೇಳಿದೆ, ಯಾಕೆ ಹೇಳಿದೆ ಎಂದು. ನನ್ನ ದನಿಯಲ್ಲಿ ಸಿಟ್ಟಿತ್ತು.

“ಕೊನೇಗೆ ಮಾತಾಡಿದ್ದು ನನ್ ಜೊತೆ ಅಕ್ಕಯ್ಯ. ಅದೂ ಇಲ್ಲ ಅಂದ್ಬುಟ್ರೆ ನಂಗೇನು ಉಳೀತೈತೆ?” ಸೆರಗಿಗೆ ಮೆತ್ತಿದ್ದ ಸೊಪ್ಪಿನ ಚೂರು ಕೊಡವಿದಳು. “ನೀನು ಆ ಫಾರಂ ಬರ್ಸಿಕೊಂಡು ಹೋದ್ಮೇಲೆ ತೋಟಕ್ಕೂ ಬೈಕಲ್ಲೇ ಹೋಗೋರು. ನಡಿಯೋಕಾಗ್ತಿಲ್ವೇನೋ ಅಂದ್ಕೊಂಡಿದ್ದೆ. ಈಗ, ಆಗೋದಾದ್ರೆ ಗಾಡಿ ಮೇಲೇ ಆಗ್ಲಿ ಅಂತಿದ್ರೇನೋ ಅನ್ಸುತ್ತೆ. ಆದ್ರೆ ಅವತ್ತು ಗಾಡಿ ನಿಲ್ಸಿದ್ರು, ಸ್ಟ್ಯಾಂಡ್ ಹಾಕಿದ್ರು. ಮನೇಗೆ ಬರೋರೇ ಇದ್ರು.”

ನಾನು ಇಸಿಜಿ ಹಾಳೆಯನ್ನು ತೆಗೆದು ಅವಳ ಕೈಗೆ ಕೊಟ್ಟೆ. ಓದಲು ಬರದಿದ್ದರೂ ಆ ಗೆರೆಗಳ ಮೇಲೆ ಅವಳು ಬಹಳ ಹೊತ್ತು ಕೈಯಾಡಿಸಿದಳು.

ಆ ಬೆಳೆಯ ಹುಳುಗಳಿಂದ ಅವಳೇ ಗೂಡು ಕಟ್ಟಿಸಿದಳು. ಪಕ್ಕದ ತೋಟದವನು ಸೊಪ್ಪು ಕೊಯ್ದು ಕೊಟ್ಟ. ಈಗಲೂ ಕೊಯ್ದು ಕೊಡುತ್ತಾನೆ, ಆದರೆ ನನ್ನ ಎದುರಿಗೆ ಬರುವುದಿಲ್ಲ. ನಾನು ಊರಿಗೆ ಹೋದರೆ ತೋಟದ ಆಚೆ ದಾರಿಯಿಂದ ಹೋಗುತ್ತಾನೆ.

ಕೆಲಸ ಬಿಡುತ್ತೇನೆಂದು ಹಿರಿಯ ಏಜೆಂಟರಿಗೆ ಹೇಳಿದೆ. ನಡೆದದ್ದನ್ನೆಲ್ಲ ಕೇಳಿ ಅವರು, “ಬಿಡೋದಾದರ ಬಿಡ್ರಿ. ಆದರ ಮೊದಲು ನಿಮ್ಮ ಫಾರಂ ನೀವು ತುಂಬ್ರಿ” ಎಂದು ಆರೋಗ್ಯ ವಿಮೆಯ ಉದ್ದನೆಯ ಹಾಳೆ ಮುಂದಿಟ್ಟರು. ತಂದೆಗೆ ಹೃದಯದ ಕಾಯಿಲೆ ಇತ್ತೇ. ಒಡಹುಟ್ಟಿದವರಿಗೆ ಇತ್ತೇ. ಎರಡಕ್ಕೂ ಹೌದು ಎಂದು ಬರೆದೆ. ಕಂಪನಿಯವರು ಪರೀಕ್ಷೆಗೆ ಬಳ್ಳಾರಿಗೆ ಕಳಿಸಿದರು. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮಾತಾಡಿದರು. ಪಾಲಿಸಿ ಸಿಗಲಿಲ್ಲ. ದಿನಕ್ಕೆ ಮೂರು ಗುಳಿಗೆ ನುಂಗುತ್ತೇನೆ, ರಾಯದುರ್ಗದ ಗುಡ್ಡದ ಕಡೆ ಏರುದಾರಿ ಹತ್ತುವುದನ್ನು ಬಿಟ್ಟಿದ್ದೇನೆ.

ಕೆಲಸ ಮಾತ್ರ ಬಿಟ್ಟಿಲ್ಲ. ಯಾರಾದರೂ ಉದ್ದದ ಫಾರಂ ಮಡಿಸಿಟ್ಟು ಚಿಕ್ಕದನ್ನು ಕೇಳಿದರೆ ಪೆನ್ನು ಮುಚ್ಚಿ ಅವರ ಜೊತೆ ದವಾಖಾನೆಗೆ ಹೋಗುತ್ತೇನೆ. ಕೆಲವರು ಬೈದು ಕಳಿಸುತ್ತಾರೆ.

ಬಳ್ಳಾರಿಯ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ನಿಮ್ಮ ಮನೆತನದಲ್ಲಿ ಇದು ಇಳಿದು ಬರುತ್ತಿದೆ, ತಮ್ಮನ ಮಗಳನ್ನೂ ಒಮ್ಮೆ ಕರೆತನ್ನಿ ಎಂದು. ಅವಳು ಈಗ ಮಡಕಶಿರಾದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಬಸ್ಸಿಗೆ ಓಡಿ ಬಂದು ಹತ್ತುತ್ತಾಳೆ. ಬರುವ ರಜೆಯಲ್ಲಿ ಕರೆದುಕೊಂಡು ಹೋಗಬೇಕು. ಅವಳ ತಾಯಿಗೆ ಹೇಳಿದ್ದೇನೆ. ಹುಡುಗಿಗೆ ನಾವಿಬ್ಬರೂ ಇನ್ನೂ ಹೇಳಿಲ್ಲ.