ಟೈಪಕ್ಕ ಹಂಚಿದ ಮೀನುಗಳು

ಓಣಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್‌ಗೆ ಕೂರುತ್ತಿದ್ದ ಹೆಂಗಸನ್ನು ಎಲ್ಲರೂ ಟೈಪಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಮೇಲೆ ಅವಳ ಮಾತೂ ಕಡಿಮೆಯಾಗಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವನೆದುರು ಆಡಲಾಗದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ನಿನ್ನನ್ನು ಮಗ್ಗುಲಾಗಿಸಿ ನನ್ನ ಸೊಂಟ ಬಿದ್ದುಹೋಗಿದೆ, ಆವತ್ತೇ ನೀನು ಕಣ್ಣು ಮುಚ್ಚಿದ್ದರೆ ಚೆನ್ನಾಗಿತ್ತು ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ, ಇಂಥವು. ಬರೆದು ಮುಗಿದೊಡನೆ ಉಳಿಸದೆ ಮುಚ್ಚಿಬಿಡುವಳು.

ಆ ಕಂಪ್ಯೂಟರಿಗೆ ಮೀನು ಬಂದದ್ದು ಇಂಟರ್‌ನೆಟ್ಟಿನಿಂದ, ಪುಕ್ಕಟೆಯಾಗಿ. ಕೀಬೋರ್ಡ್ ಮುಟ್ಟದೆ ಸುಮ್ಮನಿದ್ದರೆ ಸಾಕು, ಪರದೆಯ ತುಂಬ ಕೆಂಪು ಮೀನುಗಳು ಈಜಾಡುವವು. ನೋಡಿದವರೆಲ್ಲ ತಮಗೂ ಬೇಕೆಂದರು. ಟೈಪಕ್ಕ ಸಿ.ಡಿ.ಗೆ ಇಳಿಸಿ ತಂಗಿಯ ಮನೆಗೆ, ಔಷಧಿ ಅಂಗಡಿಗೆ, ವಕೀಲರ ಆಫೀಸಿಗೆ ಹಂಚಿದಳು. "ನಿಮ್ಮ ಕೈ ದೊಡ್ಡದು ಟೈಪಕ್ಕ" ಎಂದು ವಕೀಲರು ನಕ್ಕಿದ್ದರು.

ತಿಂಗಳೊಪ್ಪತ್ತಿನಲ್ಲಿ ಅಂಗಡಿಯ ಕಂಪ್ಯೂಟರ್ ಆಮೆಯ ನಡಿಗೆ ಹಿಡಿಯಿತು. ಒತ್ತಿದ ಅಕ್ಷರ ಆಕಳಿಸಿಕೊಂಡು ಬರುತ್ತಿತ್ತು. ಬೇಡದ ಜಾಹೀರಾತುಗಳು ಮುಖದ ಮೇಲೆ ಬಂದು ಬೀಳುತ್ತಿದ್ದವು. ರಿಪೇರಿಯವನು ಬಂದು ಸುಮಾರು ಹೊತ್ತು ತಡಕಾಡಿ ತಲೆ ಕೆರೆದುಕೊಂಡ.

"ಅಕ್ಕ, ನಿಮ್ಮ ಮೀನಿನ ಜೊತೆ ಒಬ್ಬ ಗೂಢಚಾರನೂ ಬಂದು ಕೂತಿದಾನೆ."

"ಅವರು ದುಡ್ಡೇನೂ ಕೇಳ್ಲಿಲ್ವಲ್ಲಪ್ಪ."

"ಪುಕ್ಕಟೆ ಕೊಡೋರೇನು ದಾನಕ್ಕೆ ಕೂತಿರ್ತಾರಾ? ಯಾರು ಏನು ನೋಡ್ತಾರೆ, ಏನು ಕೊಳ್ತಾರೆ ಅಂತ ತಿಳ್ಕೊಂಡು ಜಾಹೀರಾತಿನೋರಿಗೆ ಮಾರೋದು, ಶುರುವಾಗಿದ್ದು ಹಾಗೆ. ಈಗ ಕೀಬೋರ್ಡಿಗೂ ಕಿವಿ ಇಟ್ಟಿದಾರೆ. ಇದು ಅಂಥದ್ದೇ. ಹಾಕ್ಕೊಳ್ಳುವಾಗ ಉದ್ದಕ್ಕೆ ಏನೋ ಬರೆದಿತ್ತಲ್ಲ, ಓದಿದ್ರಾ?"

ಊರವರ ಕಾಗುಣಿತವನ್ನೆಲ್ಲ ತಿದ್ದುವ ಟೈಪಕ್ಕ ಅದನ್ನು ಓದಿರಲಿಲ್ಲ. ಕೆಳಗೆ 'ಒಪ್ಪಿಗೆ' ಎಂದಿದ್ದಲ್ಲಿ ಒತ್ತಿದ್ದಳು, ಅಷ್ಟೆ.

"ಟೈಪ್ ಮಾಡಿ ಉಳಿಸ್ದೇ ಇದ್ದಿದ್ದು?"

"ಉಳಿಸಿದ್ರೇನು, ಬಿಟ್ರೇನು. ಒತ್ತಿದ ಅಕ್ಷರ ಒತ್ತಿದ ಹಾಗೇ ಹೋಗಿರುತ್ತೆ. ಯಾರಿಗೆ ಅಂತ ನನ್ನ ಕೇಳ್ಬೇಡಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕು ಎಂದು ಅವನಿಗೆ ಹೇಳಿ, ಚಪ್ಪಲಿ ಮೆಟ್ಟಿ, ಮೀನು ಕೊಟ್ಟ ಕಡೆಗೆಲ್ಲ ಹೊರಟಳು.

ವಿಷಯ ಕೇಳಿದ್ದೇ ವಕೀಲರು ಮುಖ ಗಂಟಿಕ್ಕಿ ಬಾಗಿಲು ಹಾಕಿಕೊಂಡರು. ಅವರ ಟೈಪಿಂಗ್ ಕೆಲಸ ಇನ್ನು ತನಗಿಲ್ಲವೆಂದು ಅವಳಿಗೆ ತಿಳಿಯಿತು. ಔಷಧಿ ಅಂಗಡಿಯವನು ತಾನೂ ಇನ್ನೆಷ್ಟೋ ಜನಕ್ಕೆ ಹಂಚಿದ್ದ, ಯಾರ್ಯಾರಿಗೆ ಎಂಬುದು ಅವನಿಗೇ ನೆನಪಿರಲಿಲ್ಲ. ತಂಗಿ ಪರದೆಯ ಮೀನು ತೋರಿಸುತ್ತ ಮಗುವಿಗೆ ಉಣ್ಣಿಸುತ್ತಿದ್ದಳು.

"ಇರ್ಲಿ ಬಿಡೇ ಅಕ್ಕ. ನಮ್ಮನೇಲಿ ಕದ್ದು ನೋಡೋಕೆ ಏನಿದೆ? ಮೀನು ಕಾಣ್ದಿದ್ರೆ ಇವನು ಬಾಯೇ ತೆಗೆಯಲ್ಲ."

ಟೈಪಕ್ಕ ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತು ತಾನೂ ಕೂತು ನೋಡಿ ಎದ್ದು ಬಂದಳು.

ಸಂಜೆ ಗಂಡನನ್ನು ದಿಂಬಿಗೆ ಒರಗಿಸಿ ಚಮಚದಲ್ಲಿ ಹಾಲು ಕುಡಿಸಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. "ತಂಗಿ ಮನೆಗೆ ಹೋಗಿದ್ದೆ" ಎಂದಳು. ಅವನ ತುಟಿಯಂಚಿನ ಹಾಲು ಒರೆಸಿದಳು. ಮಾರನೆಯ ದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕಂಪ್ಯೂಟರ್ ಆರಿಸಿ, ಕೈಕಟ್ಟಿಕೊಂಡು ಕೂರತೊಡಗಿದಳು. ಗಿರಾಕಿ ಬಂದು ಕೆಮ್ಮಿದರೆ ಏಳುತ್ತಿದ್ದಳು.