ಆರನೇ ಹಾಸಿಗೆಯ ಹೋಟೆಲ್ ಅಮ್ಮ

ಕಳೆದ ವಾರ ಪೆರುಂಗುಡಿಯ ನಮ್ಮ ಕ್ಲಿನಿಕ್ಕಿನಲ್ಲಿ ಹೊಸ ನರ್ಸ್ ಒಬ್ಬಳು ತಲೆನೋವೆಂದು ಹಣೆಗೆ ಬಾಮ್ ಹಚ್ಚಿಕೊಂಡಳು. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋಟೆಲ್ ಅಮ್ಮ ನೆನಪಾದರು... ಹದಿನೈದು ವರ್ಷವಾಗಿರಬೇಕು.

ಆಗ ನಾನು ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಮನೋರೋಗ ವಾರ್ಡಿಗೆ ಹೊಸಬಳು. ಆರನೇ ಹಾಸಿಗೆ ಅವರದು. ಗಂಡ ರಾಯಪುರಂನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು, ಇವರು ಅಲ್ಲೇ ತರಕಾರಿ ಹೆಚ್ಚುತ್ತಿದ್ದರು. ಹಾಗಾಗಿ ವಾರ್ಡಿಗೆಲ್ಲ ಹೋಟೆಲ್ ಅಮ್ಮ. ಒಂದು ಸಂಜೆ ಮೀನುಗಾರರ ದೋಣಿಗಳ ನಡುವೆ ಕುಳಿತಿದ್ದವರನ್ನು ಯಾರೋ ಕರೆತಂದಿದ್ದರು. ಅಲ್ಲಿಗೆ ಹೇಗೆ ಹೋದೆನೆಂದು ಅವರಿಗೇ ಗೊತ್ತಿರಲಿಲ್ಲ. ತಲೆಯೊಳಗೆ ಯಾರೋ ಮಾತಾಡುತ್ತಾರೆ ಎಂದಿದ್ದರಿಂದ ಫೈಲಿನಲ್ಲಿ ಸ್ಕಿಜೋಫ್ರೀನಿಯಾ ಎಂದು ಬರೆದಿತ್ತು.

ಬೆಳಿಗ್ಗೆಯೆಲ್ಲ ಆಯಾಗಳ ಜೊತೆ ಸರಾಗವಾಗಿ ತಮಿಳು ಮಾತಾಡುತ್ತಿದ್ದರು. ಮಧ್ಯಾಹ್ನ ಕೆಲವೊಮ್ಮೆ ತಲೆ ಸಿಡಿಯುತ್ತಿದೆ ಎಂದು ಬಾಮ್ ತಿಕ್ಕಿಕೊಳ್ಳುವರು, ಸ್ವಲ್ಪ ಹೊತ್ತಿಗೆ ಮಂಚದ ಕೆಳಗೆ ಮಂಡಿ ತಬ್ಬಿಕೊಂಡು ಕೂತಿರುವರು. ಆಗ ತಮಿಳಿನ ಒಂದು ಮಾತೂ ಅವರಿಗೆ ತಿಳಿಯುತ್ತಿರಲಿಲ್ಲ. ಏಳೆಂಟು ವರ್ಷದ ಹುಡುಗಿಯ ದನಿಯಲ್ಲಿ ಕುಂದಾಪುರದ ಕನ್ನಡ. ನನ್ನ ಅಮ್ಮನ ಊರೂ ಆ ಕಡೆಯೇ ಆದ್ದರಿಂದ ನನಗೊಬ್ಬಳಿಗೆ ಅರ್ಥವಾಗುತ್ತಿತ್ತು.

"ಎಲ್ಲಾಂ ನಡಿಪ್ಪು, ಸಿಸ್ಟರ್," ಎಂದು ಆಯಾ ನಗುತ್ತಿದ್ದಳು. ಎಲ್ಲವೂ ನಟನೆಯಂತೆ.

ನನಗೆ ಹಾಗನ್ನಿಸಲಿಲ್ಲ. ಮಂಚದ ಕೆಳಗಿನಿಂದ ಎದ್ದು ಬಂದವರು, ತಾವೇ ಉಂಡ ತಟ್ಟೆಯನ್ನು ನೋಡಿ ಯಾರದೆಂದು ಕೇಳುತ್ತಿದ್ದರು. ಒಂದು ದಿನ ಮೆಲ್ಲಗೆ ಹೇಳಿದರು: "ಯಾರ್ ಎಂತ ಹೇಳ್ರೂ ಹೌದ್ ಹೌದ್ ಅಂದ್ ಹೇಳ್ತೆ, ಸಿಸ್ಟರ್. ನೆನಪಿಲ್ಲ ಅಂದ್ರೆ ನಗಾಡ್ತ್ರ್." ನಟಿಸುವವರು ಹೀಗೆ ಮುಚ್ಚಿಡುತ್ತಾರೆಯೇ?

ಒಬ್ಬರೊಳಗೇ ಬೇರೆ ಬೇರೆ ವ್ಯಕ್ತಿಗಳಿರುವ ಕಾಯಿಲೆಯ ಬಗ್ಗೆ ಓದಿದ್ದೆ. ಹೆಡ್ ನರ್ಸ್ ಮೇಡಂಗೆ ಹೇಳಿದೆ. ಅವರು ನಗಲಿಲ್ಲ. ರೋಗದ ಹೆಸರು ಡಾಕ್ಟರ್ ಹೇಳಲಿ, ನೀನು ಕಂಡದ್ದನ್ನು ಕಂಡ ಹಾಗೆ, ಅವರಾಡಿದ ಮಾತನ್ನು ಆಡಿದ ಹಾಗೇ ಬರಿ, ನೀನಾಗಿ ಏನನ್ನೂ ಕೆದಕಿ ಕೇಳಬೇಡ ಎಂದರು. ಹತ್ತು ದಿನ ಬರೆದೆ. ಡಾಕ್ಟರ್ ಎರಡು ಸಲ ಓದಿ, ಸೋಮವಾರ ದೊಡ್ಡ ಡಾಕ್ಟರನ್ನು ಕರೆಸುತ್ತೇನೆ ಎಂದರು.

ಒಂದನ್ನು ಮಾತ್ರ ಬರೆದಿರಲಿಲ್ಲ. ಮಂಚದ ಕೆಳಗಿನಿಂದ ಆ ಹುಡುಗಿ ಹೇಳಿದ್ದು: "ದೊಡ್ಡಣ್ಣ ಬಂದ್ರೆ ನಾ ಇಲ್ಲ ಅಂದ್ ಹೇಳಿ." ಉಗ್ರಾಣದ ಕೋಣೆ, ಅಣ್ಣ ಒಳಗಿನಿಂದ ಹಾಕಿಕೊಂಡ ಚಿಲಕ... ಅದನ್ನೂ ಹೇಳಿದ್ದರು. ಒಂದು ಮನೆತನದ ಮೇಲೆ ಅಂಥ ಮಾತನ್ನು ನನ್ನ ಕೈಯಾರೆ ಹೇಗೆ ಬರೆಯಲಿ? ನಾನೇ ತಪ್ಪು ತಿಳಿದಿದ್ದರೆ? ನಾಳೆ ನೋಡೋಣ ಎಂದುಕೊಂಡೆ.

ಶನಿವಾರ ಆ ದೊಡ್ಡಣ್ಣನೇ ಬಂದರು. ಬಿಳಿ ಪಂಚೆ, ಮೆತ್ತನೆಯ ಮಾತು. ಊರಿಗೆ ಕರೆದುಕೊಂಡು ಹೋಗಿ ನೋಡಿಕೊಳ್ಳುತ್ತೇನೆ ಎಂದರು. ಗಂಡ ಕೃತಜ್ಞತೆಯಿಂದ ತಲೆ ಆಡಿಸಿದರು. ಹೋಟೆಲ್ ಅಮ್ಮ ಅಣ್ಣನನ್ನು ನೋಡಿ ಹಣೆ ಒತ್ತಿಕೊಂಡರು. ಅವರ ಮುಖ ಬದಲಾದದ್ದನ್ನು ಕಂಡೆ. ನನ್ನ ಕೋಟಿನ ತುದಿ ಹಿಡಿದರು.

"ಅಕ್ಕಾ, ಬಾಗ್ಲ್ ಹಾಕಿ."

"ಸಣ್ಣದಿಪ್ಪತಿಗೂ ಹೀಂಗೇ," ಎಂದು ಅಣ್ಣ ನಕ್ಕರು. ಚಿಕ್ಕಂದಿನಲ್ಲೂ ಹೀಗೇ ಇದ್ದಳಂತೆ. ಸೋಮವಾರದ ತನಕ ಕಾಯದೆ ಕಳಿಸಲು ಅಡ್ಡಿಯೇನಾದರೂ ಇದೆಯೇ ಎಂದು ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಫೈಲು ಮುಚ್ಚಿ ಅವರ ಕೈಗಿಟ್ಟೆ. ಕೋಟು ಹಿಡಿದ ಬೆರಳು ಬಿಡಿಸಿಕೊಂಡದ್ದೂ ನಾನೇ.

ನಾಲ್ಕು ತಿಂಗಳ ಮೇಲೆ ಗಂಡ ಫೈಲಿನ ಪ್ರತಿ ಕೇಳಿಕೊಂಡು ಬಂದರು, ಪೊಲೀಸರಿಗೆ ಬೇಕಂತೆ. ಅಣ್ಣನ ಮನೆಯಿಂದ ಒಂದು ಮಧ್ಯಾಹ್ನ ಹೊರಟ ಹೋಟೆಲ್ ಅಮ್ಮ ಎಲ್ಲೂ ಸಿಕ್ಕಿರಲಿಲ್ಲ. ನಾನು ಬರೆದದ್ದನ್ನು ಓದಿಸಿಕೊಂಡು, ಕೊನೆಗೆ ನನ್ನನ್ನು ಕೇಳಿದರು: "ಹೋದ್ದ್ ಅವ್ಳಾ, ಸಿಸ್ಟರ್, ಆ ಸಣ್ಣ ಹುಡ್ಗಿಯಾ?"

ಆಗ ಎಲ್ಲವನ್ನೂ ಹೇಳಿದೆ. ಅವರು ಬೆಂಚಿನ ಮೇಲೆ ಕುಳಿತರು. ಇದನ್ನು ಆವತ್ತೇ ಹೇಳಬಾರದಿತ್ತೇ ಎಂದು ಮಾತ್ರ ಕೇಳಿ ಎದ್ದು ಹೋದರು.

ಅವರ ಗಂಡ ತೀರಿಕೊಂಡು ಮೂರು ವರ್ಷವಾಯಿತು. ಹೋಟೆಲ್ ಅಮ್ಮ ಏನಾದರೂ ಬದುಕಿದ್ದರೆ ಈಗ ಅರವತ್ತರ ಹತ್ತಿರ. ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಅವರಿಗಾಗಿ ಕಾಯುವವರು ಅಂತ ಈಗ ಯಾರೂ ಉಳಿದಿಲ್ಲ, ನನ್ನೊಬ್ಬಳನ್ನು ಬಿಟ್ಟು. ನಾನು ಕಾಯುತ್ತಿರುವುದು ಅವರಿಗಾಗಿಯೋ, ಕ್ಷಮೆಗಾಗಿಯೋ, ನನಗೇ ಗೊತ್ತಿಲ್ಲ.