ಎರಡು ಬೆರಳು ಉಬ್ಬಿದ ಗೋಡೆ

ಹೋಳಿಯ ಮರುವಾರ ದಿನಚರಿಯಲ್ಲಿ ಬರೆದಿದ್ದೇನೆ: ‘ನಡುಮನೆಯ ಗೋಡೆ ಮೊಳಕಾಲೆತ್ತರದಲ್ಲಿ ಒಂದು ಬೆರಳು ಉಬ್ಬಿದೆ.’ ಯುಗಾದಿಯ ದಿನ: ‘ಎರಡು ಬೆರಳು. ಮೂರು ತಿರುಪು ಹೊರಬಂದಿವೆ.’

ಇಬ್ರಾಹಿಂಪುರದ ನಮ್ಮ ಮನೆಯನ್ನು ಅಪ್ಪ ಮತ್ತು ಕಾಕಾ ಪಾಲು ಮಾಡಿಕೊಂಡಾಗ ಎದ್ದ ಗೋಡೆ ಅದು. ತಗಡಿನ ಚೌಕಟ್ಟು, ಎರಡೂ ಬದಿಗೆ ಜಿಪ್ಸಮ್ ಹಲಗೆ. ಅಪ್ಪನಿಗೆ ಇಟ್ಟಂಗಿಯದೇ ಬೇಕಿತ್ತು. ಅಜ್ಜಿ ಒಪ್ಪಲಿಲ್ಲ. “ನಾಳೆ ಮನಸ್ಸು ಕೂಡಿದ್ರ ತಗ್ಯಾಕ ಬರೂವಂಥಾದ್ದು ಹಾಕ್ರಿ” ಎಂದಳು. ಅವಳು ಹೋಗಿ ಇನ್ನೂ ವರ್ಷವಾಗಿಲ್ಲ. ಅಣ್ಣತಮ್ಮಂದಿರು ಇವತ್ತಿಗೂ ಮಾತಾಡುವುದಿಲ್ಲ.

ಉಬ್ಬು ಕಂಡ ಅಪ್ಪ, “ನಿಮ್ಮ ಕಾಕಾ ಒತ್ತಾಕತ್ತಾನ ನೋಡು. ಗೇಣು ಜಾಗಾನೂ ಬಿಡವಲ್ಲ. ಗೌಂಡಿನ್ನ ಕರಸಿ ಇಟ್ಟಂಗಿ ಗ್ವಾಡಿನ ಕಟ್ಟಸ್ತೇನಿ” ಎಂದ.

“ರವಿವಾರದ ತನಕ ತಡಿ, ನಾನ ಸರಿ ಮಾಡ್ತೇನಿ” ಎಂದೆ. ಇಟ್ಟಂಗಿಯ ಗೋಡೆ ಒಮ್ಮೆ ಎದ್ದರೆ ಅದನ್ನು ಮುಂದೆ ಯಾರೂ ಕೆಡವುವುದಿಲ್ಲ.

ರವಿವಾರ ತಿರುಪು ಬಿಚ್ಚಿ ನಮ್ಮ ಬದಿಯ ಹಲಗೆ ಇಳಿಸಿದೆ. ಒಳಗಿನ ತಗಡಿನ ಪಟ್ಟಿಗಳು ಬಾಗಿದ್ದವು. ಆಚೆಯ ಹಲಗೆಯೂ ನಮ್ಮ ಕಡೆಗೇ ಹೊಟ್ಟೆ ಬಿಟ್ಟಿತ್ತು. ತಟ್ಟಿದರೆ ಟೊಳ್ಳು ಸದ್ದು ಬರಲಿಲ್ಲ.

“ಯಾರದು?” ಆಚೆಯಿಂದ ಕಾಕಾನ ಹೆಂಡತಿಯ ದನಿ.

“ನಾನ್ರಿ ಕಾಕು. ಗ್ವಾಡಿಗೆ ಏನ್ ಆನ್ಸೀರಿ?”

“ಜೋಳದ ಚೀಲ. ಗ್ವಾಡಿಗಲ್ದ ಮತ್ಯಾತಕ್ಕ ಆನಸ್ಬೇಕೋ ತಮ್ಮಾ, ಮುಗಿಲಿಗೆ?”

ನಮ್ಮ ಹಳ್ಳಿ ಕಾಖಂಡಕಿಯ ಹಳೆಯ ಮನೆಯಲ್ಲಿ ಮೊಳ ದಪ್ಪದ ಕಲ್ಲುಗೋಡೆ. ಸುಗ್ಗಿಯಾದ ಮೇಲೆ ಚೀಲಗಳು ಅದಕ್ಕೇ ಆತುಕೊಂಡು ವರ್ಷ ಕಳೆಯುತ್ತಿದ್ದವು. ಆ ರೂಢಿ ಹಲಗೆಯ ಗೋಡೆಗೂ ನಡೆದುಬಂದಿತ್ತು.

“ತಗೀರಿ, ಗ್ವಾಡಿ ಬೀಳತೈತಿ.”

“ನಾವ್ಯಾಕ ತಗೀಬೇಕು? ನಿಮ್ಮ ಪಾಲಿನ ಚೀಲ ಅವು. ನಿಮ್ಮಪ್ಪ ನಮ್ಮ ಹೊಸ್ತಿಲಾ ತುಳ್ಯಾಂಗಿಲ್ಲಲ್ಲ, ಅದಕ್ಕ ಇಲ್ಲೇ ಕುಂತಾವ.”

ಹೊಲ ಮಾತ್ರ ಇನ್ನೂ ಪಾಲಾಗಿಲ್ಲ. ಕಾಕಾನೇ ಬಿತ್ತಿ ಬೆಳೆದು, ಎರಡೂ ಮನೆಯ ಜೋಳವನ್ನು ತನ್ನ ಬಾಗಿಲಿಗೆ ಇಳಿಸಿಕೊಳ್ಳುತ್ತಾನೆ. ನಮ್ಮ ಗೋಡೆಯನ್ನು ಒತ್ತುತ್ತಿದ್ದದ್ದು ನಮ್ಮದೇ ಜೋಳ. ಹಿಂದೆ ನಿಂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡ.

ಕಾಕು ದನಿ ತಗ್ಗಿಸಿದಳು. “ಹೆಂಗೂ ಬಿಚ್ಚೀದಿ, ಈ ಹಲಗೀನೂ ತಗಿ. ಚೀಲಾ ಇಲ್ಲಿಂದನ ದಾಟಸೂಣು.”

ತಿರುಪುಳಿ ಕೈಯಲ್ಲೇ ಇತ್ತು. ಅಪ್ಪನ ಮುಖ ನೋಡಿದೆ. ಅವನು ಬಾಗಿದ ಪಟ್ಟಿಗಳನ್ನು ನೋಡಿದ.

“ರಸ್ತಾದಾಗಿಂದ ತರ್ರಿ” ಎಂದ.

ಬಿಸಿಲಲ್ಲಿ ಚೀಲದ ಒಂದು ತುದಿ ಕಾಕಾ, ಇನ್ನೊಂದು ತುದಿ ನಾನು ಹಿಡಿದು ಅವರ ಬಾಗಿಲಿಂದ ಓಣಿ ಸುತ್ತಿ ನಮ್ಮ ಬಾಗಿಲಿಗೆ ಹೊತ್ತೆವು. “ಸರಿಯಾಗಿ ಹಿಡೀಲೇ, ಹೆಣಾ ಹೊತ್ತಂಗ ಹೊರಾಕತ್ತೀಯಲ್ಲ” ಎಂದು ಕಾಕಾ ಬೈದ. ನಾಲ್ಕು ಚೀಲ. ಪ್ರತಿ ಸಲವೂ ನಮ್ಮ ಹೊಸ್ತಿಲ ಹೊರಗೇ ಇಳಿಸಿ ನಿಂತ. ಒಳಗೆ ಅಪ್ಪ ನಿಂತಿದ್ದ. ನಡುವೆ ನಾನು ಚೀಲ ಎಳೆದುಕೊಂಡೆ. ನಾಲ್ಕನೆಯದನ್ನು ಇಳಿಸಿದ ಮೇಲೆ ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಅಲ್ಲೇ ಉಳಿದ. ಯಾರೂ ನೀರು ಎನ್ನಲಿಲ್ಲ. ಹೋದ.

ಬಾಗಿದ ಪಟ್ಟಿಗಳನ್ನು ಬದಲಿಸಿದೆ. ಮತ್ತೆ ಬಾಗಬಾರದೆಂದು ನಡುನಡುವೆ ಹೊಸ ಪಟ್ಟಿ ಸೇರಿಸಿದೆ. ಹೊಸ ಹಲಗೆಗೆ ಗೇಣಿಗೊಂದು ತಿರುಪು, ಸಂದಿಗೆ ಕಾಗದದ ಪಟ್ಟಿ, ಮೇಲೆ ಪುಟ್ಟಿ. ಒಣಗಿದ ಮೇಲೆ ಉಜ್ಜಿ ಬಣ್ಣ ಬಳಿದೆ.

ಅಪ್ಪ ಅಂಗೈಯಿಂದ ಗೋಡೆ ಸವರಿದ. “ಗಟ್ಟಿ ಆತು. ಇನ್ನ ಇಟ್ಟಂಗಿ ಬ್ಯಾಡ” ಎಂದ.

ನನಗೆ ಬೇಕಿದ್ದದ್ದೂ ಅದೇ. ‘ಉಬ್ಬು ಇಲ್ಲ’ ಎಂದು ಬರೆದೆ.

ಮೊದಲು ಹಲಗೆ ಉಬ್ಬಿ ಬಿಟ್ಟಿದ್ದ ಸಂದಿಯಿಂದ ಕಾಕು ರೊಟ್ಟಿ ಬಡಿಯುವ ಸದ್ದು ಸಂಜೆಗೆ ಈಚೆ ಬರುತ್ತಿತ್ತು. ಆ ಸಂಜೆ ಅವ್ವ ಹೊಸ ಜೋಳದ ರೊಟ್ಟಿ ಬಡಿದಳು. ಅವಳ ಕೈ ನಿಂತಾಗಲೆಲ್ಲ ನಾನು ಗೋಡೆಯ ಕಡೆ ಕಿವಿಗೊಟ್ಟೆ. ಆಚೆಯಿಂದ ಏನೂ ಕೇಳಲಿಲ್ಲ.